ಘಾಟಿಯ ಮಳೆಯಲ್ಲಿ ಕಾರಿನ ಗಾಜು ಮಬ್ಬಾದರೆ: ಬ್ಲೋವರ್ ಮೋಟಾರ್ ಬದಲಿಸಲೇಬೇಕೇ?

ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಕ್ಯಾಸಲ್‌ರಾಕ್ ಕೂಡ ಒಂದು. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಈ ಊರಿಂದ ರಾಮನಗರಕ್ಕೆ, ದಾಂಡೇಲಿಗೆ ಅಥವಾ ಅನಮೋಡ ಘಾಟಿ ಇಳಿದು ಗೋವಾಕ್ಕೆ ಹೋಗುವವರು ಕಾಡಿನ ನಡುವಿನ ತಿರುವು ರಸ್ತೆಗಳಲ್ಲೇ ಸಾಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮಳೆ, ಮಂಜು. ಕಾರಿನ ಒಳಗೆ ಒದ್ದೆ ಬಟ್ಟೆ, ಒದ್ದೆ ಮ್ಯಾಟ್, ನಾಲ್ಕೈದು ಜನರ ಉಸಿರು. ಎರಡೇ ನಿಮಿಷದಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಆಗ ಬ್ಲೋವರ್ ತಿರುಗದಿದ್ದರೆ ಎದುರಿನ ತಿರುವೂ ಕಾಣದು, ಎದುರು ಬರುವ ಲಾರಿಯೂ ಕಾಣದು.

ಬಯಲುಸೀಮೆಯವರಿಗೆ ಬ್ಲೋವರ್ ಎಂದರೆ ಸುಖದ ಸಾಧನ. ಘಾಟಿಯವರಿಗೆ ಅದು ಬ್ರೇಕ್, ವೈಪರ್‌ಗಳಂತೆ ಸುರಕ್ಷತೆಯ ಸಾಧನ. ಹಳೆಯ ಕಾರಿನಲ್ಲಿ ಅದು ಕೈಕೊಟ್ಟರೆ "ಮೋಟಾರ್ ಹೋಗಿದೆ, ಬದಲಿಸಿ" ಎನ್ನುವುದು ಸಾಮಾನ್ಯ. ಆ ಮಾತು ಯಾವಾಗ ನಿಜ, ಯಾವಾಗ ಅಲ್ಲ ಎಂಬುದನ್ನು ನೋಡೋಣ.

ಗಾಜು ಮಬ್ಬಾಗುವುದು ಏಕೆ?

ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 19 ಗ್ರಾಂ ನೀರಾವಿ ಹಿಡಿದರೆ, 40 ಡಿಗ್ರಿಯಲ್ಲಿ ಸುಮಾರು 51 ಗ್ರಾಂ ಹಿಡಿಯುತ್ತದೆ. ಕಾರಿನ ಒಳಗಿನ ತೇವದ ಗಾಳಿ ಮಳೆಯಿಂದ ತಣ್ಣಗಾದ ಗಾಜನ್ನು ಮುಟ್ಟಿದಾಗ, ಹಿಡಿದಿಡಲಾಗದ ನೀರಾವಿ ಸಣ್ಣ ಹನಿಗಳಾಗಿ ಗಾಜಿಗೆ ಅಂಟುತ್ತದೆ. ಅದೇ ಮಬ್ಬು.

ಹೀಟರ್ ಇದನ್ನು ತಿರುವುಮುರುವು ಮಾಡುತ್ತದೆ. ಮಳೆಯಲ್ಲಿ ತೇವದಿಂದ ತುಂಬಿದ 22 ಡಿಗ್ರಿಯ ಗಾಳಿಯನ್ನೇ 40 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ. 40ಕ್ಕಿಂತ ಕೆಳಗಿಳಿಯುತ್ತದೆ. ಇಂಥ 'ಬಾಯಾರಿದ' ಗಾಳಿ ಗಾಜಿನ ಹನಿಗಳನ್ನು ಹೀರಿಕೊಳ್ಳುತ್ತದೆ, ಗಾಜನ್ನೂ ಬೆಚ್ಚಗೆ ಮಾಡುತ್ತದೆ. ಆದರೆ ಆ ಗಾಳಿಯನ್ನು ಗಾಜಿನವರೆಗೆ ತಳ್ಳಲು ಬ್ಲೋವರ್ ಬೇಕೇ ಬೇಕು.

ಹೀಟರ್ ಹಾಕಿದರೆ ಪೆಟ್ರೋಲ್ ಹೆಚ್ಚು ಖರ್ಚಾಗುತ್ತದೆಯೇ?

ಇದು ತಪ್ಪು ನಂಬಿಕೆ. ಪೆಟ್ರೋಲ್, ಡೀಸೆಲ್ ಕಾರಿನ ಹೀಟರ್ ಬಳಸುವುದು ಎಂಜಿನ್ ಹೇಗೂ ಹೊರಚೆಲ್ಲುವ ಶಾಖವನ್ನು. ಎಂಜಿನ್ ತಂಪಾಗಿಸುವ ನೀರು, ಅಂದರೆ ಕೂಲಂಟ್, ಸುಮಾರು 80-95 ಡಿಗ್ರಿಯಲ್ಲಿ ಡ್ಯಾಶ್‌ಬೋರ್ಡ್ ಒಳಗಿನ ಪುಟ್ಟ ರೇಡಿಯೇಟರ್ ಒಂದರ ಮೂಲಕ ಹರಿಯುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ಖರ್ಚಾಗುವುದು ಮೋಟಾರ್ ಎಳೆಯುವ ವಿದ್ಯುತ್ ಮಾತ್ರ. ಎಸಿಯ ಕತೆ ಬೇರೆ. ಅದರ ಕಂಪ್ರೆಸರ್ ಎಂಜಿನ್ ಶಕ್ತಿಯನ್ನೇ ಬಳಸುತ್ತದೆ.

ಹಾಗೆಯೇ, "ಗಾಳಿ ಕಡಿಮೆ ಬರುತ್ತಿದೆ, ಎಸಿ ಗ್ಯಾಸ್ ಮುಗಿದಿರಬೇಕು" ಎನ್ನುವುದೂ ಸರಿಯಲ್ಲ. ಗ್ಯಾಸ್ ಕಡಿಮೆಯಾದರೆ ಗಾಳಿ ತಣ್ಣಗಿರುವುದಿಲ್ಲ, ಅಷ್ಟೆ. ಗಾಳಿಯ ರಭಸ ಕುಗ್ಗಿದರೆ ಬ್ಲೋವರ್, ಅದರ ವಿದ್ಯುತ್ ದಾರಿ ಅಥವಾ ಗಾಳಿಯ ದಾರಿಯನ್ನು ನೋಡಬೇಕು.

ಮೋಟಾರ್ ಒಳಗೆ ಸವೆಯುವುದು ಏನು?

ಹಳೆಯ ಕಾರುಗಳ ಬ್ಲೋವರ್‌ನಲ್ಲಿರುವುದು 12 ವೋಲ್ಟಿನ ಸರಳ ಡಿಸಿ ಮೋಟಾರ್. ಅದರ ದಂಡಕ್ಕೆ ಅಳಿಲಿನ ಪಂಜರದಂತಹ ಉರುಟು ಫ್ಯಾನ್ ಕೂರಿಸಿರುತ್ತಾರೆ. ತಿರುಗುವ ಸುರುಳಿಗೆ ವಿದ್ಯುತ್ ಮುಟ್ಟಿಸುವುದು ಎರಡು ಇಂಗಾಲದ ತುಂಡುಗಳು. ಗ್ಯಾರೇಜಿನವರು ಇವನ್ನು ಬ್ರಶ್ ಅಥವಾ ಕಾರ್ಬನ್ ಎನ್ನುತ್ತಾರೆ. ಸ್ಲೇಟಿನ ಮೇಲೆ ಬಳಪ ಸವೆದಂತೆ ಇವು ತಿರುಗಿದಷ್ಟೂ ಸವೆಯುತ್ತವೆ. ದಂಡವನ್ನು ಹಿಡಿದಿರುವ ಬುಷ್‌ಗಳಲ್ಲಿನ ಎಣ್ಣೆಯೂ ವರ್ಷಗಳು ಕಳೆದಂತೆ ಒಣಗುತ್ತದೆ.

ಕಾಡಿನ ಊರುಗಳಲ್ಲಿ ಇನ್ನೆರಡು ತೊಂದರೆಗಳಿವೆ. ಗಾಜಿನ ಬುಡದಲ್ಲಿರುವ ಜಾಲರಿಯ ಮೂಲಕ ಹೊರಗಿನ ಗಾಳಿ ಒಳಬರುತ್ತದೆ. ಮರದಡಿ ನಿಂತ ಕಾರಿನಲ್ಲಿ ಎಲೆ, ಕಡ್ಡಿ ಅಲ್ಲಿ ಸೇರಿ ನೀರು ಹರಿಯುವ ತೂತನ್ನು ಮುಚ್ಚುತ್ತವೆ. ನಿಂತ ನೀರು ಮೋಟಾರಿಗೆ ಇಳಿದರೆ ತುಕ್ಕು ಖಚಿತ. ವಾರಗಟ್ಟಲೆ ಓಡಿಸದ ಕಾರಿನಲ್ಲಿ ಇಲಿ ಗೂಡು ಕಟ್ಟುವುದೂ ಉಂಟು. ಹಲವು ಹಳೆಯ ಮಾದರಿಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲದಿರುವುದರಿಂದ ಕಸ ನೇರವಾಗಿ ಫ್ಯಾನಿಗೇ ಬರುತ್ತದೆ.

ಲಕ್ಷಣ ನೋಡಿ ಕಾರಣ ತಿಳಿಯುವುದು

ಮೊದಲು ನಾಬ್ ಅನ್ನು ಒಂದೊಂದೇ ವೇಗಕ್ಕೆ ತಿರುಗಿಸಿ ನೋಡಬೇಕು.

ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ತಿರುಗುತ್ತದೆ, ಉಳಿದವುಗಳಲ್ಲಿ ಇಲ್ಲ: ಮೋಟಾರ್ ಕೆಟ್ಟಿಲ್ಲ. ಕಡಿಮೆ ವೇಗಗಳಿಗೆ ವಿದ್ಯುತ್ ಒಂದು ರೆಸಿಸ್ಟರ್ ಮೂಲಕ ಹೋಗುತ್ತದೆ, ಕೊನೆಯ ವೇಗಕ್ಕೆ ನೇರವಾಗಿ ಹೋಗುತ್ತದೆ. ಸುಟ್ಟಿರುವುದು ಹೆಚ್ಚಾಗಿ ಆ ರೆಸಿಸ್ಟರ್. ಅದು ಮೋಟಾರಿಗಿಂತ ಬಹಳ ಅಗ್ಗ. (ಆಟೋಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಇದರ ಬದಲು ಎಲೆಕ್ಟ್ರಾನಿಕ್ ಘಟಕ ಇರುತ್ತದೆ.)

ಯಾವ ವೇಗದಲ್ಲೂ ತಿರುಗುವುದಿಲ್ಲ: ಮೊದಲು ಫ್ಯೂಸ್, ಆಮೇಲೆ ರಿಲೇ, ಸ್ವಿಚ್, ಅರ್ಥ್ ತಂತಿ ನೋಡಬೇಕು. ಮೋಟಾರಿನ ಕನೆಕ್ಟರ್‌ನಲ್ಲಿ ಟೆಸ್ಟ್ ಲ್ಯಾಂಪ್ ಚೆನ್ನಾಗಿ ಉರಿದೂ ಮೋಟಾರ್ ತಿರುಗದಿದ್ದರೆ ದೋಷ ಮೋಟಾರಿನದೇ.

ಮೆಲ್ಲಗೆ ತಟ್ಟಿದರೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ: ಕಾರ್ಬನ್ ಸವೆದಿದೆ. ಇಂದು ತಟ್ಟಿದರೆ ನಡೆದೀತು, ನಾಳೆ ಘಾಟಿಯ ನಡುವೆ ನಡೆಯದು.

ಕೀಚಲು ಸದ್ದು: ಬುಷ್ ಒಣಗಿದೆ. ಟಕಟಕ ಸದ್ದು: ಫ್ಯಾನಿನಲ್ಲಿ ಎಲೆಯೋ ಕಡ್ಡಿಯೋ ಸಿಕ್ಕಿದೆ.

ಗಾಜಿನ ಮೇಲೆ ಅಂಟಂಟು ಪದರ, ಸಿಹಿ ವಾಸನೆ, ಕೂಲಂಟ್ ಇಳಿಕೆ: ಇದು ಬ್ಲೋವರ್ ದೋಷವಲ್ಲ. ಹೀಟರಿನ ರೇಡಿಯೇಟರ್ ಸೋರುತ್ತಿದೆ. ತಡಮಾಡದೆ ತೋರಿಸಬೇಕು.

ದುರಸ್ತಿಯೋ, ಹೊಸತೋ?

ಸದ್ದು ಮಾತ್ರ ಇದ್ದು ದಂಡ ಅಲುಗಾಡದಿದ್ದರೆ, ಮೋಟಾರ್ ಬಿಚ್ಚಿ ಕಸ ತೆಗೆದು ಬುಷ್‌ಗೆ ಒಂದೆರಡು ಹನಿ ತೆಳು ಮೆಷಿನ್ ಎಣ್ಣೆ ಹಾಕಿದರೆ ಸಾಕಾಗಬಹುದು. ಎಣ್ಣೆ ಕಾರ್ಬನ್ ಉಜ್ಜುವ ತಾಮ್ರದ ಭಾಗಕ್ಕೆ ತಾಗಬಾರದು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸದ್ದು ಕೆಲವು ದಿನ ನಿಲ್ಲುತ್ತದೆ, ಆದರೆ ಅದು ಬೇಗ ಆರಿಹೋಗುತ್ತದೆ. ಬೆಂಕಿ ಹತ್ತುವ ಸ್ಪ್ರೇಯನ್ನು ಕಿಡಿ ಹಾರುವ ಕಾರ್ಬನ್ ಬಳಿ ಹೊಡೆಯುವುದು ಅಪಾಯವೂ ಹೌದು.

ಕಾರ್ಬನ್ ಮಾತ್ರ ಸವೆದಿದ್ದು, ಮೋಟಾರ್ ಬಿಚ್ಚಲು ಬರುವಂತಿದ್ದರೆ ಆಟೋ ಎಲೆಕ್ಟ್ರಿಷಿಯನ್ ಹೊಸ ಕಾರ್ಬನ್ ಕೂರಿಸಬಲ್ಲರು. ಬಿಡಿಭಾಗ ಸಿಗದ ಹಳೆಯ ಮಾದರಿಗಳಿಗೆ ಇದೇ ಒಳ್ಳೆಯ ದಾರಿ. ಆದರೆ ದಂಡ ಅಲುಗಾಡುತ್ತಿದ್ದರೆ, ತಾಮ್ರದ ಭಾಗದಲ್ಲಿ ಆಳವಾದ ಗೀರು ಬಿದ್ದಿದ್ದರೆ, ಸುರುಳಿ ಸುಟ್ಟ ವಾಸನೆ ಬಂದಿದ್ದರೆ ಹೊಸ ಮೋಟಾರ್ ಹಾಕುವುದೇ ಸರಿ.

ನಮ್ಮಲ್ಲಿ ಚಾಲಕರು ಬಲಕ್ಕೆ ಕೂರುವುದರಿಂದ ಹೆಚ್ಚಿನ ಕಾರುಗಳಲ್ಲಿ ಮೋಟಾರ್ ಎಡಗಡೆ, ಗ್ಲವ್ ಬಾಕ್ಸ್ ಹಿಂದೆ ಅಥವಾ ಕೆಳಗೆ ಇರುತ್ತದೆ. ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಬೇಕು. ಹೊಸ ಮೋಟಾರ್ ತಿರುಗುವ ದಿಕ್ಕು, ಫ್ಯಾನಿನ ಅಳತೆ, ಸ್ಕ್ರೂ ತೂತುಗಳು ಹಳೆಯದಕ್ಕೆ ಹೊಂದಬೇಕು. ಮೋಟಾರಿಗೆ ತಂಪು ಗಾಳಿ ತರುವ ಸಣ್ಣ ರಬ್ಬರ್ ಕೊಳವೆ ಇದ್ದರೆ ಅದನ್ನು ಮರೆಯದೆ ಸಿಕ್ಕಿಸಬೇಕು.

ಮತ್ತೆ ಮತ್ತೆ ಸುಡುವುದು ಏಕೆ?

ಹೊಸ ರೆಸಿಸ್ಟರ್ ತಿಂಗಳೊಳಗೆ ಸುಟ್ಟರೆ ಅದರ ಗುಣಮಟ್ಟವನ್ನಷ್ಟೇ ದೂರಬೇಡಿ. ಬಿಗಿಯಾಗಿ ತಿರುಗುವ ಮೋಟಾರ್ ಹೆಚ್ಚು ವಿದ್ಯುತ್ ಎಳೆಯುತ್ತದೆ. ಸರಿಯಿರುವ ಮೋಟಾರೇ ಪೂರ್ಣ ವೇಗದಲ್ಲಿ ಸುಮಾರು 10ರಿಂದ 20 ಆಂಪಿಯರ್ ಎಳೆಯಬಹುದು. ಅದಕ್ಕಿಂತ ಹೆಚ್ಚಾದಾಗ ರೆಸಿಸ್ಟರ್ ಸುಡುತ್ತದೆ, ಕನೆಕ್ಟರಿನ ಪ್ಲಾಸ್ಟಿಕ್ ಕರಗುತ್ತದೆ ಅಥವಾ ಫ್ಯೂಸ್ ಹೋಗುತ್ತದೆ. ಆಗ ದೊಡ್ಡ ಫ್ಯೂಸ್ ಹಾಕುವುದು ತೀರಾ ಅಪಾಯಕಾರಿ. ಫ್ಯೂಸ್ ಉಳಿದು ತಂತಿಯೇ ಉರಿಯಬಹುದು. ಹಾಗೆಯೇ, ನೀರು ಇಳಿಯುವ ದಾರಿ ಸರಿಪಡಿಸದೆ ಹೊಸ ಮೋಟಾರ್ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದಕ್ಕೂ ತುಕ್ಕು ಹಿಡಿಯುತ್ತದೆ.

ದಾರಿಯಲ್ಲೇ ಕೈಕೊಟ್ಟರೆ?

ಎರಡೂ ಬದಿಯ ಕಿಟಕಿಗಳನ್ನು ಸ್ವಲ್ಪ ಇಳಿಸಿ. ತೇವದ ಗಾಳಿ ಹೊರಹೋಗುತ್ತದೆ. ಗಾಜನ್ನು ಒಣ ಬಟ್ಟೆಯಿಂದ ಒರೆಸಿ, ಕೈಯಿಂದಲ್ಲ. ಗಾಜಿಗೆ ತೆಳುವಾಗಿ ಸೋಪು ಉಜ್ಜಿ ಒರೆಸುವ ಹಳೆಯ ಉಪಾಯದಲ್ಲಿ ವಿಜ್ಞಾನವಿದೆ. ಸೋಪಿನಿಂದ ನೀರು ಹನಿಯಾಗದೆ ತೆಳು ಪದರವಾಗಿ ಹರಡುತ್ತದೆ, ಬೆಳಕು ಚದುರುವುದಿಲ್ಲ. ಆದರೆ ಇದು ಸ್ವಲ್ಪ ಹೊತ್ತಿನ ಪರಿಹಾರ. ರಸ್ತೆ ಕಾಣದಿದ್ದರೆ ತಿರುವು ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಲ್ಲಿಸುವುದೇ ಜಾಣತನ.

ಬ್ಲೋವರ್ ಸರಿಯಿದ್ದಾಗಲೂ ಮಬ್ಬು ತೆಗೆಯಲು ಹೊರಗಿನ ಗಾಳಿ ಬರುವಂತೆ ಇಡಬೇಕು. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಉಸಿರಿನ ತೇವ ಅಲ್ಲೇ ಉಳಿಯುತ್ತದೆ. ಎಸಿ ಇದ್ದರೆ ಹೀಟರ್ ಜೊತೆ ಅದನ್ನೂ ಹಾಕಬಹುದು. ಎಸಿ ಗಾಳಿಯ ನೀರನ್ನು ಹಿಂಡುತ್ತದೆ, ಹೀಟರ್ ಆ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ.

ಮೇ ತಿಂಗಳಲ್ಲೇ ಗಾಜಿನ ಬುಡದ ಎಲೆಗಳನ್ನು ತೆಗೆದು, ಒಂದು ಚೊಂಬು ನೀರು ಹಾಕಿ ಅದು ಹೊರಗೆ ಹರಿಯುವುದೇ ಎಂದು ನೋಡಿ. ಬಳಿಕ ಬ್ಲೋವರನ್ನು ಎಲ್ಲ ವೇಗಗಳಲ್ಲೂ ಐದು ನಿಮಿಷ ಓಡಿಸಿ ಕಿವಿಗೊಡಿ. ಮಳೆ ಹಿಡಿದ ಮೇಲೆ ಘಾಟಿಯಲ್ಲಿ ಮೆಕ್ಯಾನಿಕ್ ಸಿಗುವುದು ಕಷ್ಟ.