ರೋಗಕ್ಕೆ ಹುದ್ದೆಯ ಪರಿಚಯವಿಲ್ಲ

2020ರ ಮಾರ್ಚ್ 3ರಂದು ಬ್ರಿಟನ್ನಿನ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಪತ್ರಕರ್ತರ ಮುಂದೆ ನಿಂತಿದ್ದರು. ಕೊರೋನಾ ರೋಗಿಗಳಿದ್ದ ಆಸ್ಪತ್ರೆಗೆ ತಾನು ಹೋಗಿದ್ದೆ, ಅಲ್ಲಿ ಎಲ್ಲರ ಕೈ ಕುಲುಕಿದೆ, ಮುಂದೆಯೂ ಕುಲುಕುತ್ತೇನೆ ಎಂದರು. ಕೈ ತೊಳೆಯುವುದೇ ಮುಖ್ಯ ಎಂದೂ ಹೇಳಿದರು. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಮೊದಲ ಮಾತು. ಅದೇ ದಿನ ಸರಕಾರದ ಸಲಹೆಗಾರ ತಜ್ಞರ ತಂಡವೊಂದು, ಕೈ ಕುಲುಕಬೇಡಿ ಎಂದು ಜನರಿಗೆ ತಿಳಿಸುವಂತೆ ಸಲಹೆ ನೀಡಿತ್ತು.

ಮಾರ್ಚ್ 27ರಂದು ಜಾನ್ಸನ್‌ಗೆ ಸೋಂಕು ದೃಢಪಟ್ಟಿತು. ಏಪ್ರಿಲ್ 5ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಗೆ ಸೇರಿದರು. ಮರುದಿನ ಐ.ಸಿ.ಯು.ಗೆ ಸಾಗಿಸಲಾಯಿತು, ಆಕ್ಸಿಜನ್ ನೀಡಲಾಯಿತು. ಏಪ್ರಿಲ್ 12ರಂದು ಆಸ್ಪತ್ರೆಯಿಂದ ಬಿಡುಗಡೆಯಾದ ಅವರು, ರಾತ್ರಿಯಿಡೀ ತನ್ನ ಹಾಸಿಗೆಯ ಬಳಿ ನಿಂತು ನೋಡಿಕೊಂಡ ಇಬ್ಬರು ದಾದಿಯರನ್ನು ಹೆಸರು ಹೇಳಿ ನೆನೆದರು.

ಬ್ರೆಜಿಲಿನ ಅಂದಿನ ಅಧ್ಯಕ್ಷ ಬೊಲ್ಸೊನಾರೊ ಅದೇ ಮಾರ್ಚ್‌ನಲ್ಲಿ ಟಿ.ವಿ. ಭಾಷಣ ಮಾಡಿ, ತಾನು ಹಿಂದೆ ಕ್ರೀಡಾಪಟುವಾಗಿದ್ದವನು, ಸೋಂಕು ತಗಲಿದರೂ ಅದು ತನಗೆ ಸಣ್ಣದೊಂದು ಫ್ಲೂ ಅಷ್ಟೇ ಎಂದಿದ್ದರು. ಜುಲೈ 7ರಂದು ಅವರಿಗೂ ಸೋಂಕು ದೃಢಪಟ್ಟಿತು. ಅಮೆರಿಕದ ಅಧ್ಯಕ್ಷ ಟ್ರಂಪ್, ರೋಗದ ಗಂಭೀರತೆಯನ್ನು ಬೇಕೆಂದೇ ಕಡಿಮೆ ಮಾಡಿ ಹೇಳುತ್ತಿರುವುದಾಗಿ ಪತ್ರಕರ್ತರೊಬ್ಬರ ಬಳಿ ಒಪ್ಪಿಕೊಂಡಿದ್ದರು. ಅಕ್ಟೋಬರ್ 2ರಂದು ಅವರೂ ಆಸ್ಪತ್ರೆ ಸೇರಿದರು.

ಇನ್ನೊಬ್ಬರ ಕಾಯಿಲೆ ಕಂಡು "ಆಗಬೇಕಾದ್ದೇ" ಎನ್ನುವುದು ನಮಗೆ ಸಲ್ಲದು. ಆದರೆ ಈ ಘಟನೆಗಳಿಂದ ನಮ್ಮ ಮನೆಗಳು ಕಲಿಯಬೇಕಾದದ್ದು ಸಾಕಷ್ಟಿದೆ.

ಎರಡನೇ ವಾರದ ಅಪಾಯ

ಜಾನ್ಸನ್ ಆಸ್ಪತ್ರೆ ಸೇರಿದ್ದು ಜ್ವರ, ಕೆಮ್ಮು ಕಾಣಿಸಿಕೊಂಡು ಸುಮಾರು ಹತ್ತು ದಿನಗಳಾದ ಮೇಲೆ. ಕೊರೋನಾದ ಸ್ವಭಾವವೇ ಇದು. ಮೊದಲ ವಾರ ವೈರಸ್ ದೇಹದಲ್ಲಿ ಹೆಚ್ಚುತ್ತದೆ. ಆಗ ಜ್ವರ, ಮೈಕೈ ನೋವು ಇರುತ್ತದೆ. ಹೆಚ್ಚಿನವರು ಅಲ್ಲಿಗೇ ಗುಣವಾಗುತ್ತಾರೆ. ಕೆಲವರಲ್ಲಿ ಮಾತ್ರ ಎರಡನೇ ವಾರ, ದೇಹದ ರಕ್ಷಣಾ ವ್ಯವಸ್ಥೆಯೇ ಮಿತಿ ಮೀರಿ ಕೆರಳಿ ಶ್ವಾಸಕೋಶದಲ್ಲಿ ಉರಿಯೂತ ಉಂಟುಮಾಡುತ್ತದೆ. ಆದ್ದರಿಂದ "ನಾಲ್ಕು ದಿನವಾಯಿತು, ಏನೂ ಆಗಲಿಲ್ಲ" ಎಂದು ನಿಶ್ಚಿಂತರಾಗುವುದು ತಪ್ಪು.

ಕೆಲವರಲ್ಲಿ ಆಕ್ಸಿಜನ್ ಇಳಿದರೂ ಉಬ್ಬಸದ ಅನುಭವ ಆಗುವುದಿಲ್ಲ. ಹಾಗಾಗಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಉಪಯುಕ್ತ. ಉಗುರಿನ ಬಣ್ಣ ಅಥವಾ ದಟ್ಟ ಮೆಹಂದಿ ಇಲ್ಲದ, ತಣ್ಣಗಾಗದ ಬೆರಳಿಗೆ ಹಾಕಿ. ಅಂಕಿ 94ಕ್ಕಿಂತ ಕೆಳಗಿಳಿದರೆ ಕಾಯದೆ ವೈದ್ಯರನ್ನು ಕಾಣಿರಿ.

ಅವರಿಗೆ ಗುಣವಾಯಿತಲ್ಲ?

ಮೂವರು ನಾಯಕರೂ ಗುಣಮುಖರಾದರು. ಇದನ್ನೇ ತೋರಿಸಿ "ನೋಡಿ, ಏನೂ ಇಲ್ಲ" ಎಂದವರು ಬಹಳ. ಸ್ವತಃ ಟ್ರಂಪ್ ಆಸ್ಪತ್ರೆಯಿಂದ ಹೊರಡುವಾಗ, ಕೊರೋನಾಕ್ಕೆ ಹೆದರಬೇಡಿ ಎಂದು ಜನರಿಗೆ ಬರೆದರು. ಆದರೆ ಅವರಿಗೆ ಸಿಕ್ಕಿದ್ದು ಹಗಲು ರಾತ್ರಿ ವೈದ್ಯರ ತಂಡ, ಆಕ್ಸಿಜನ್, ಅಂದು ಸಾಮಾನ್ಯರಿಗೆ ಲಭ್ಯವೇ ಇರದಿದ್ದ ಪ್ರತಿಕಾಯ ಔಷಧಿ. ಕೂಲಿಗೆ ಹೋಗುವವನಿಗೆ, ಆಟೋ ಓಡಿಸುವವನಿಗೆ ಅದು ಎಲ್ಲಿ ಸಿಗುತ್ತದೆ? ಬ್ರೆಜಿಲಿನ ಅಧ್ಯಕ್ಷರಿಗೆ ಸಣ್ಣದಾಗಿ ಬಂದು ಹೋದ ರೋಗ, ಆ ದೇಶದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಒಬ್ಬನ ಅನುಭವ ಎಲ್ಲರಿಗೂ ಅಳತೆಗೋಲು ಆಗುವುದಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ, ಬೊಜ್ಜು ಇರುವವರಿಗೂ ವೃದ್ಧರಿಗೂ ಅಪಾಯ ಹೆಚ್ಚು. ತನ್ನ ತೂಕ ಅತಿಯಾಗಿತ್ತೆಂದು ಜಾನ್ಸನ್ ಅವರೇ ಆಮೇಲೆ ಹೇಳಿಕೊಂಡರು.

ಇನ್ನೊಂದು ಮಾತು. ಆ ಕೈಕುಲುಕುವಿಕೆಯಿಂದಲೇ ಜಾನ್ಸನ್‌ಗೆ ರೋಗ ಬಂತು ಎನ್ನಲಾಗದು. ವೈರಸ್ ಒಳಹೊಕ್ಕ ಮೇಲೆ ಲಕ್ಷಣ ತೋರಲು ಸಾಮಾನ್ಯವಾಗಿ 2ರಿಂದ 14 ದಿನ. ಅವರಿಗೆ ಸೋಂಕು ದೃಢಪಟ್ಟದ್ದು ಆ ಮಾತು ಆಡಿ 24 ದಿನಗಳ ನಂತರ. ನಷ್ಟವಾದದ್ದು ಬೇರೆ ರೀತಿಯಲ್ಲಿ. ದೊಡ್ಡವರ ಮಾತು ಕೇಳಿ ಎಷ್ಟೋ ಮಂದಿ ತಮ್ಮ ಎಚ್ಚರಿಕೆಯನ್ನು ಸಡಿಲಿಸುತ್ತಾರೆ.

ನಾಯಕರ ಔಷಧಿ ನಮಗೂ ಅಲ್ಲ

ಬೊಲ್ಸೊನಾರೊ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಹೊಗಳಿದರು. ಅದರಿಂದ ಆಸ್ಪತ್ರೆಯಲ್ಲಿದ್ದ ಕೊರೋನಾ ರೋಗಿಗಳಿಗೆ ಪ್ರಯೋಜನವಿಲ್ಲವೆಂದು ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು 2020ರ ಜೂನ್‌ನಲ್ಲೇ ತೋರಿಸಿತ್ತು. ಟ್ರಂಪ್‌ಗೆ ಕೊಟ್ಟ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಬೇರೆ. ಅದೇ ಪ್ರಯೋಗದ ಪ್ರಕಾರ, ಆಕ್ಸಿಜನ್ ಬೇಕಾದ ರೋಗಿಗಳಲ್ಲಿ ಅದು ಸಾವನ್ನು ಕಡಿಮೆ ಮಾಡಿತು. ಆಕ್ಸಿಜನ್ ಬೇಡದವರಿಗೆ ಲಾಭವಾಗಲಿಲ್ಲ. 2021ರಲ್ಲಿ ನಮ್ಮ ದೇಶದಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿದಾಗ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟಿರಾಯ್ಡ್‌ನ ಅತಿಬಳಕೆ ಮುಖ್ಯ ಕಾರಣಗಳೆಂದು ವೈದ್ಯರು ಎಚ್ಚರಿಸಿದ್ದರು. ಒಬ್ಬರಿಗೆ ಬರೆದುಕೊಟ್ಟ ಚೀಟಿಯನ್ನು ಹಿಡಿದು ಇನ್ನೊಬ್ಬರಿಗೆ ಔಷಧಿ ತರಬೇಡಿ.

ನಮ್ಮ ಮನೆಯಲ್ಲಿ

ಜ್ವರ, ಕೆಮ್ಮು ಇದ್ದವರು ಸಾಧ್ಯವಾದಷ್ಟು ಬೇರೆ ಕೋಣೆಯಲ್ಲಿರಲಿ. ಕಿಟಕಿ ತೆರೆದಿಡಿ, ಈ ರೋಗ ಗಾಳಿಯಾಡದ ಜಾಗದಲ್ಲಿ ಬೇಗ ಹರಡುತ್ತದೆ. ರೋಗಿಯೂ ಆರೈಕೆ ಮಾಡುವವರೂ ಮಾಸ್ಕ್ ಧರಿಸಲಿ. ಅಜ್ಜ ಅಜ್ಜಿಯರ ಬಳಿ ಮಕ್ಕಳನ್ನು ಕಳಿಸುವ ಮುನ್ನ ಮಕ್ಕಳಿಗೆ ನೆಗಡಿ ಇದೆಯೇ ನೋಡಿ.

ಸಲಾಮ್ ಹೇಳಿ ಕೈ ಹಿಡಿಯುವುದು, ಅಪ್ಪಿಕೊಳ್ಳುವುದು ನಮ್ಮಲ್ಲಿ ಪ್ರೀತಿಯ ಗುರುತು. ಮೈ ಸರಿಯಿಲ್ಲದಾಗ ಬಾಯಲ್ಲಿ ಸಲಾಮ್ ಹೇಳಿದರೆ ಸಾಕು, ಪ್ರೀತಿ ಕಡಿಮೆಯಾಗುವುದಿಲ್ಲ. ಜ್ವರವಿದ್ದೂ ಮದುವೆಗೋ ಜುಮಾಕ್ಕೋ ಹೋಗಿ ನಾಲ್ಕು ಮಂದಿಗೆ ಹಂಚುವುದಕ್ಕಿಂತ ಆ ದಿನ ಮನೆಯಲ್ಲಿರುವುದೇ ಒಳಿತು. ರೋಗಿಯ ಯೋಗಕ್ಷೇಮವನ್ನು ಫೋನಿನಲ್ಲೂ ವಿಚಾರಿಸಬಹುದು, ಊಟವನ್ನು ಬಾಗಿಲವರೆಗೆ ತಲುಪಿಸಬಹುದು.

ಮನೆಯ ಹಿರಿಯರೂ ಒಂದು ಅರ್ಥದಲ್ಲಿ ನಾಯಕರೇ. "ಇದೆಲ್ಲ ಏನೂ ಇಲ್ಲ" ಎಂದು ಅವರು ತಮಾಷೆಗೆ ಹೇಳಿದರೂ ಮಕ್ಕಳು, ಸೊಸೆಯಂದಿರು ಅದನ್ನೇ ನಂಬಿ ನಡೆಯುತ್ತಾರೆ. ಗೊತ್ತಿಲ್ಲದಿದ್ದರೆ "ವೈದ್ಯರನ್ನು ಕೇಳೋಣ" ಎನ್ನಿ. ಆ ಒಂದು ಮಾತಿನಿಂದ ಮನೆಯವರೊಬ್ಬರ ಜೀವ ಉಳಿಯಬಹುದು.