ಅಬುಸುವಾ: ಬಂದವರು ನಂಟರಾದ ಬಗೆ

ಪಶ್ಚಿಮ ಆಫ್ರಿಕಾದ ಘಾನಾ ದೇಶದಲ್ಲಿ ಅರ್ಧಕ್ಕೆ ಹತ್ತಿರ ಹತ್ತಿರ ಮಂದಿ ಅಕಾನರು. ಅಸಾಂಟೆ, ಫಾಂಟೆ, ಬೊನೊ, ಅಚೆಮ್, ಅಕ್ವಾಮು, ದೆಂಚಿರಾ ಎಂದು ಅವರಲ್ಲಿ ಹಲವು ನಾಡುಗಳಿವೆ, ಹಲವು ಅರಸು ಮನೆಗಳಿವೆ. ಪಕ್ಕದ ಐವರಿ ಕೋಸ್ಟಿನ ಬಾವುಲೆ, ಅನ್ಯಿ ಜನರೂ ಇದೇ ಬಳಗದವರು. ಇವರಲ್ಲಿ ಹೆಚ್ಚಿನವರು ವಂಶವನ್ನು ತಾಯಿಯ ಕಡೆಯಿಂದ ಎಣಿಸುತ್ತಾರೆ. ಮಗುವಿಗೆ ನೆತ್ತರು ತಾಯಿಯಿಂದ ಬರುತ್ತದೆ, ಚೈತನ್ಯ ತಂದೆಯಿಂದ ಬರುತ್ತದೆ, ಕುಲ ಹೋಗುವುದು ನೆತ್ತರಿನ ಜೊತೆಗೆ ಎಂಬುದು ಅವರ ನಂಬಿಕೆ. ಆದ್ದರಿಂದ ಗಂಡಸಿನ ಅಧಿಕಾರವಾಗಲಿ, ಹಿರಿಯರಿಂದ ಬಂದ ಆಸ್ತಿಯಾಗಲಿ ಅವನ ಮಗನಿಗೆ ಹೋಗದೆ ಒಡಹುಟ್ಟಿದವರಿಗೆ ಇಲ್ಲವೇ ಸೋದರಳಿಯನಿಗೆ ಸಲ್ಲುತ್ತದೆ. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲವರಿಗೆ ಈ ಏರ್ಪಾಡು ತೀರ ಅಪರಿಚಿತವೆನಿಸದು. ಹೆಣ್ಣುಸಾಲಿನಲ್ಲಿ ಇಳಿದುಬಂದ ಈ ಬಳಗಕ್ಕೆ ಅಬುಸುವಾ ಎಂದು ಹೆಸರು. ಅಸಾಂಟೆಗಳಲ್ಲಿ ಒಯೊಕೊ, ಬ್ರೆತುವೊ, ಅಗೊನಾ, ಅಸೊನಾ, ಅಸೆನಿಯೆ, ಅದುವಾನಾ, ಎಕುವೊನಾ, ಅಸಾಚಿರಿ ಎಂಬ ಎಂಟು ದೊಡ್ಡ ಅಬುಸುವಾಗಳಿವೆ. ಕರಾವಳಿಯ ಫಾಂಟೆಗಳು ಏಳನ್ನು ಎಣಿಸುತ್ತಾರೆ. ಒಯೊಕೊಗೆ ಗಿಡುಗ, ಬ್ರೆತುವೊಗೆ ಚಿರತೆ, ಅಗೊನಾಗೆ ಗಿಳಿ, ಅದುವಾನಾಗೆ ಬಾಯಲ್ಲಿ ಬೆಂಕಿ ಹಿಡಿದ ನಾಯಿ, ಹೀಗೆ ಒಂದೊಂದಕ್ಕೆ ಒಂದೊಂದು ಲಾಂಛನ. ಒಂದೇ ಅಬುಸುವಾದ ಗಂಡುಹೆಣ್ಣು ಎಷ್ಟೇ ದೂರದ ಊರಿನವರಾಗಿರಲಿ, ಒಡಹುಟ್ಟಿದವರ ಲೆಕ್ಕ. ಅವರ ನಡುವೆ ಮದುವೆ ಕೂಡದು.

ಇಂಥ ಜನರ ಮೂಲ ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ: ಇವರು ಎಲ್ಲಿಂದ ಬಂದರು? ಬ್ರಿಟಿಷರ ಆಳ್ವಿಕೆಯಲ್ಲಿ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಈ ನಾಡಿನ ವಕೀಲ, ರಾಜಕಾರಣಿ, ವಿದ್ವಾಂಸ ಜೆ. ಬಿ. ದಾಂಕ್ವಾ ಅಕಾನರ ಮೂಲವನ್ನು ಸಹಾರಾ ಅಂಚಿನ ಪ್ರಾಚೀನ ಘಾನಾ ಸಾಮ್ರಾಜ್ಯದಲ್ಲಿ ಕಂಡರು. ಆ ಸಾಮ್ರಾಜ್ಯ ಇದ್ದದ್ದು ಇಂದಿನ ಮಾರಿಟೇನಿಯಾ ಮತ್ತು ಮಾಲಿಯ ನೆಲದಲ್ಲಿ, ಇಂದಿನ ಘಾನಾದಿಂದ ನೂರಾರು ಮೈಲಿ ವಾಯವ್ಯಕ್ಕೆ. ಆದರೂ 1957ರಲ್ಲಿ ಸ್ವತಂತ್ರವಾದ ದೇಶಕ್ಕೆ ಆ ಹೆಸರೇ ನಿಂತಿತು. ಸಂಶೋಧಕಿ ಎವಾ ಮೆಯೆರೊವಿಟ್ಸ್ 1950ರ ದಶಕದ ತಮ್ಮ ಪುಸ್ತಕಗಳಲ್ಲಿ ಈ ಜಾಡನ್ನು ಉತ್ತರಕ್ಕೆ ಇನ್ನೂ ದೂರ ಎಳೆದರು. ಪರಕೀಯರ ಆಳ್ವಿಕೆಯಲ್ಲಿದ್ದ ಜನರಿಗೆ ಒಂದು ಸಾಮ್ರಾಜ್ಯದ ವಾರಸುದಾರಿಕೆ ಎಷ್ಟು ಬೇಕಾಗಿತ್ತು ಎಂಬುದು ಅರ್ಥವಾಗುವಂಥದು. ಆದರೆ ಅಕಾನರ ವಂಶಕಥನವನ್ನು ದಾರಿಯ ನಕ್ಷೆಯಂತೆ ಓದಲು ಹೊರಟರೆ ಅದು ನಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ ಎಂಬುದು ಈ ಲೇಖನದ ವಾದ. ಬೇರೆ ಬೇರೆ ಕಡೆಯಿಂದ ಬಂದವರು ಒಂದೇ ತಾಯಿಯ ಮಕ್ಕಳಾಗಿ ಬಾಳುವುದು ಹೇಗೆ, ಈ ನೆಲ ಯಾರದು, ಪೀಠ ಏರಲು ಯಾರಿಗೆ ಹಕ್ಕು ಎಂಬ ಪ್ರಶ್ನೆಗಳಿಗೆ ಅವರು ಕಟ್ಟಿಕೊಂಡ ಉತ್ತರ ಅದು. ಹಾಗೆ ಓದಿದಾಗಲೇ ಅದರೊಳಗಿನ ಇತಿಹಾಸವೂ ಕೈಗೆ ಸಿಗುತ್ತದೆ.

ಈ ನೆನಪನ್ನು ಕಾಯುವ ಏರ್ಪಾಡನ್ನು ನೋಡಿದರೆ ವಾದ ಸ್ಪಷ್ಟವಾಗುತ್ತದೆ. ಪ್ರತಿ ಅಬುಸುವಾ ಮನೆತನಕ್ಕೂ ಅಬುಸುವಪನಿನ್ ಎಂಬ ಯಜಮಾನನಿದ್ದಾನೆ. ಅರಸು ಮನೆತನವಾದರೆ ಒಹೆಮಾ, ಅಂದರೆ ರಾಜಮಾತೆ ಇದ್ದಾಳೆ; ಪೀಠ ಖಾಲಿಯಾದಾಗ ಮುಂದಿನ ಅರಸನ ಹೆಸರನ್ನು ಮೊದಲು ಸೂಚಿಸುವ ಹಕ್ಕು ಅವಳದು. ಯಾವ ಹೆಣ್ಣಿನ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದು ಅವಳಿಗೆ ಗೊತ್ತಿರಲೇಬೇಕು, ಆ ತಿಳಿವೇ ಅವಳ ಅಧಿಕಾರದ ಬುಡ. ಗೌರವದಿಂದ ಆಳಿ ಪೀಠದಲ್ಲಿದ್ದಾಗಲೇ ತೀರಿಕೊಂಡ ಅರಸನ ಮರದ ಪೀಠವನ್ನು ಕಪ್ಪು ಹಚ್ಚಿ ಪೀಠದ ಮನೆಯಲ್ಲಿ ಇರಿಸುತ್ತಾರೆ. 42 ದಿನಗಳ ಪಂಚಾಂಗದ ಒಂದೊಂದು ಸುತ್ತಿನಲ್ಲೂ ಬರುವ ಅದಾಯೆ ದಿನಗಳಂದು ಅರಸ ಆ ಕೋಣೆಗೆ ಹೋಗಿ, ಹಿಂದಿನವರ ಹೆಸರು ಹಿಡಿದು ಕರೆದು, ಉಣಿಸು ಪಾನೀಯಗಳನ್ನು ಅರ್ಪಿಸುತ್ತಾನೆ. ಹೊರಗೆ ಅತುಂಪಾನ್ ಎಂಬ ಜೋಡಿ ನಗಾರಿಗಳು ಅಕಾನರ ನುಡಿಯಾದ ಟ್ವಿ ಮಾತಿನ ಏರಿಳಿತವನ್ನೇ ನುಡಿಸುತ್ತ ಪೂರ್ವಿಕರ ಬಿರುದುಗಳನ್ನು ಸಾರುತ್ತವೆ. ಹೀಗೆ ವರ್ಷಕ್ಕೆ ಹಲವು ಸಲ, ಕೇಳಿಸಿಕೊಳ್ಳುವ ಜನರ ಎದುರಿಗೇ ಪಟ್ಟಿ ಮರುನುಡಿಯಾಗುತ್ತದೆ. ತಪ್ಪಿದರೆ ತಿದ್ದುವವರು ಅಲ್ಲಿಯೇ ಇರುತ್ತಾರೆ. ಆದರೆ ಗಮನಿಸಬೇಕಾದ ಮಾತೊಂದಿದೆ. ಅಪಮಾನದಿಂದ ಪೀಠದಿಂದಿಳಿದವನ ಪೀಠಕ್ಕೆ ಕಪ್ಪು ಹಚ್ಚುವುದಿಲ್ಲ, ಅವನ ಹೆಸರನ್ನು ಕರೆಯುವುದೂ ಇಲ್ಲ. ಒಂದೆರಡು ತಲೆಮಾರು ಕಳೆದರೆ ಅವನು ಪಟ್ಟಿಯಲ್ಲೇ ಇರುವುದಿಲ್ಲ. ಅಂದರೆ ಈ ಪಟ್ಟಿ ಇರುವುದು ಹಿಂದೆ ಆಳಿದವರನ್ನೆಲ್ಲ ಒಪ್ಪಿಸಲಿಕ್ಕಲ್ಲ, ಈಗ ಆಳಲು ಹಕ್ಕುಳ್ಳವರು ಯಾರ ಮೂಲಕ ಆ ಹಕ್ಕು ಪಡೆದರು ಎಂದು ತೋರಿಸಲಿಕ್ಕೆ.

ಮೂಲದ ಕಥೆಗಳಿಗೂ ಇದೇ ಮಾತು ಸಲ್ಲುತ್ತದೆ. ಅಸಾಂಟೆಗಳ ಆದಿಸ್ಥಳವಾದ ಅಸಾಂಟೆಮಾನ್ಸೊದಲ್ಲಿ ಒಂದು ಸೋಮವಾರ ರಾತ್ರಿ ಹುಳುವೊಂದು ನೆಲ ಕೊರೆದು ಮೇಲೆ ಬಂತು, ಅದರ ಹಿಂದೆ ಏಳು ಗಂಡಸರು, ಕೆಲವು ಹೆಂಗಸರು, ಒಂದು ಚಿರತೆ, ಒಂದು ನಾಯಿ ಹೊರಬಂದವು ಎಂಬ ಕಥೆಯನ್ನು ಮಾನವಶಾಸ್ತ್ರಜ್ಞ ಆರ್. ಎಸ್. ರಾಟ್ರೆ 1920ರ ದಶಕದಲ್ಲಿ ಬರೆದಿಟ್ಟಿದ್ದಾರೆ. ಒಯೊಕೊ ಕುಲದ ಮೂಲತಾಯಿ ಅಂಚೆವಾ ನ್ಯಾಮೆ ಚಿನ್ನದ ಸರಪಳಿ ಹಿಡಿದು ಆಕಾಶದಿಂದ ಇಳಿದಳು. ಇನ್ನೊಂದೆಡೆ ಫಾಂಟೆಗಳು ಉತ್ತರದ ಟೆಚಿಮಾನ್ ಸೀಮೆಯಿಂದ ಒಬುನುಮಾಂಕೊಮಾ, ಒದಾಪಜಾನ್, ಓಸೊನ್ ಎಂಬ ಮೂವರು ನಾಯಕರ ಹಿಂದೆ ನಡೆದುಬಂದು ಮಾಂಕೆಸಿಮ್‌ನಲ್ಲಿ ನೆಲೆಯಾದರು. ನೆಲದಿಂದ ಹುಟ್ಟಿದವರು, ಆಕಾಶದಿಂದ ಇಳಿದವರು, ನಡೆದು ಬಂದವರು: ಒಂದೇ ಭಾಷಾ ಬಳಗದ ಈ ಮೂರು ಕಥೆಗಳನ್ನು ಹೊಲಿದು ಒಂದೇ ವಲಸೆಯ ದಾರಿ ಮಾಡಲು ಆಗದು. ಆದರೆ ಪ್ರತಿಯೊಂದು ಕಥೆಯೂ ಒಂದು ಹಕ್ಕನ್ನು ಸಾರುತ್ತದೆ. ನೆಲದಿಂದ ಎದ್ದವರಿಗಿಂತ ಮೊದಲು ಆ ನೆಲದಲ್ಲಿ ಯಾರೂ ಇರಲಾರರು. ಆಕಾಶದಿಂದ ಇಳಿದವರು ಯಾರಿಗೂ ಅಧೀನರಲ್ಲ. ನಡೆದು ಬಂದವರು ಬಿಟ್ಟುಬಂದ ಊರಿನ ಹಂಗಿನಲ್ಲಿಲ್ಲ, ನೆಲೆಸಿದ ಊರಿಗೆ ತಾವೇ ಒಡೆಯರು. ಉತ್ಖನನವೂ ಇಲ್ಲಿ ಮಾತನಾಡುತ್ತದೆ. ಪುರಾತತ್ತ್ವಜ್ಞ ಪೀಟರ್ ಶಿನ್ನಿಯ ತಂಡ ಅಸಾಂಟೆಮಾನ್ಸೊದಲ್ಲಿ ಅಗೆದಾಗ ಅಲ್ಲಿ ಸುಮಾರು 9ನೇ ಶತಮಾನದಿಂದಲೇ ಜನವಸತಿ ಇದ್ದ ಕುರುಹು ಸಿಕ್ಕಿತು. ಮಳೆಕಾಡಿನ ಒಳಗೆ ಅಷ್ಟು ಹಿಂದೆಯೇ ಜನ ನೆಲೆನಿಂತಿದ್ದರು ಎಂದಾದರೆ, ಅಕಾನರೆಲ್ಲರೂ ಮುಂದೊಂದು ಕಾಲದಲ್ಲಿ ಸಹಾರಾ ಅಂಚಿನಿಂದ ಗುಂಪುಗೂಡಿ ಇಳಿದು ಬಂದರು ಎಂಬ ಚಿತ್ರ ನಿಲ್ಲುವುದಿಲ್ಲ. ಚಿಕ್ಕ ಚಿಕ್ಕ ಗುಂಪುಗಳು ಬಂದಿರಬಹುದು, ಹೋಗಿರಬಹುದು. ಬಂದವರಿಗೆ ಅಲ್ಲಿ ಮೊದಲೇ ಮನೆಮಾಡಿದ್ದವರು ಎದುರಾದರು.

ಹಾಗಾದರೆ ಬಂದವರಿಗೂ ಇದ್ದವರಿಗೂ ನಂಟು ಬೆಸೆದದ್ದು ಹೇಗೆ? ಇತಿಹಾಸಕಾರ ಐವರ್ ವಿಲ್ಕ್ಸ್ ಕೊಟ್ಟ ಉತ್ತರ ಇಂದಿಗೂ ಚರ್ಚೆಯ ನಡುವೆ ಇದೆ. ದಟ್ಟ ಕಾಡನ್ನು ಕಡಿದು ಬೇಸಾಯದ ಭೂಮಿ ಮಾಡಲು ಅಪಾರ ದುಡಿಮೆ ಬೇಕಿತ್ತು. ಅಕಾನರ ಬಳಿ ಚಿನ್ನವಿತ್ತು. 1471ರಲ್ಲಿ ಈ ಕರಾವಳಿಗೆ ಬಂದ ಪೋರ್ಚುಗೀಸರು 1482ರಲ್ಲಿ ಎಲ್ಮಿನಾದಲ್ಲಿ ಕೋಟೆ ಕಟ್ಟಿ, ಆ ಚಿನ್ನಕ್ಕೆ ಬದಲಾಗಿ ಬೇರೆ ಕರಾವಳಿಗಳಿಂದ ತಂದ ಗುಲಾಮರನ್ನು ಅಕಾನ್ ವ್ಯಾಪಾರಿಗಳಿಗೆ ಮಾರಿದರು. ಉತ್ತರದ ಹುಲ್ಲುಗಾವಲಿನಿಂದಲೂ ಜನರನ್ನು ಕೊಂಡು ತರಲಾಗುತ್ತಿತ್ತು. ಹೀಗೆ ಬಂದವರನ್ನು ಮಕ್ಕಳು ಮೊಮ್ಮಕ್ಕಳ ಕಾಲಕ್ಕೆ ಒಳಗಿನವರನ್ನಾಗಿ ಮಾಡಿಕೊಳ್ಳುವ ಸಾಧನವಾಗಿಯೇ ಈ ಹೆಣ್ಣುಸಾಲಿನ ಕುಲಗಳು ರೂಪುಗೊಂಡವು ಎಂದು ವಿಲ್ಕ್ಸ್ ಹೇಳಿದರು. ಕಾಡಿನ ಬೇಸಾಯ ಶುರುವಾದ ಕಾಲದ ಬಗ್ಗೆ ಅವರ ಲೆಕ್ಕವನ್ನು ಶಿನ್ನಿಯಂಥ ಪುರಾತತ್ತ್ವಜ್ಞರು ಒಪ್ಪಲಿಲ್ಲ, ಆ ಆಕ್ಷೇಪ ಸರಿಯಾದದ್ದೇ. ಆದರೆ ವಿಲ್ಕ್ಸರ ಮಾತಿನ ತಿರುಳು ಕಾಲಗಣನೆಯ ಮೇಲೆ ನಿಂತಿಲ್ಲ. ಅದಕ್ಕೆ ಬಲವಾದ ಸಾಕ್ಷಿ ಅಸಾಂಟೆಗಳ ಒಂದು ಕಟ್ಟಳೆಯಲ್ಲಿದೆ: ಒಬ್ಬನ ಮೂಲವನ್ನು ಇನ್ನೊಬ್ಬ ಬಯಲಿಗೆ ಎಳೆಯಕೂಡದು. 1701ರಲ್ಲಿ ದೆಂಚಿರಾವನ್ನು ಸೋಲಿಸಿ ಅಸಾಂಟೆ ರಾಜ್ಯ ಕಟ್ಟಿದ ಒಸೇ ತುತು ಮತ್ತು ಅವನ ಪುರೋಹಿತ ಒಕೊಂಫೊ ಅನೋಚೆ ಕಾಲದ ಕಟ್ಟಳೆ ಇದೆಂದು ಪರಂಪರೆ ಹೇಳುತ್ತದೆ. ವಂಶವನ್ನು ಇಷ್ಟು ಜತನದಿಂದ ಕಾಯುವ ಜನ, ವಂಶದ ಮೂಲ ಕೆದಕುವುದನ್ನು ಅಪರಾಧ ಮಾಡಿಟ್ಟರು. ಎಲ್ಲರೂ ಒಂದೇ ತಾಯಿಯ ಮಕ್ಕಳೇ ಆಗಿದ್ದರೆ ಇಂಥ ಕಟ್ಟಳೆಯ ಅಗತ್ಯವೇ ಬೀಳುತ್ತಿರಲಿಲ್ಲ. ಸೋತ ಊರಿನವರು, ಒತ್ತೆಯಾಳುಗಳು, ಕೊಂಡುತಂದ ಹೆಂಗಸರ ಮಕ್ಕಳು ಇವರೆಲ್ಲ ಅಬುಸುವಾದ ಒಳಗಿದ್ದರು ಎಂಬುದಕ್ಕೆ ಆ ಮೌನವೇ ದಾಖಲೆ.

ಇಲ್ಲಿ ಏಳುವ ಮೊದಲ ಆಕ್ಷೇಪ ಸಹಜವಾದದ್ದು. ಹಕ್ಕಿಗಾಗಿ ಕಟ್ಟಿದ, ಬೇಡದ್ದನ್ನು ಬಿಟ್ಟ ಕಥನ ಇತಿಹಾಸ ಹೇಗಾದೀತು? ಇತಿಹಾಸಕಾರ ಡೇವಿಡ್ ಹೆನಿಜ್ 1970ರ ದಶಕದಲ್ಲಿ ಫಾಂಟೆ ಕರಾವಳಿಯ ಅರಸರ ಪಟ್ಟಿಗಳನ್ನು ಪರಿಶೀಲಿಸಿ, ಅಚ್ಚಾದ ಪುಸ್ತಕಗಳಲ್ಲಿದ್ದ ಸಂಗತಿಗಳು ಹಿರಿಯರ ಬಾಯಿಗೆ ಸೇರಿ ಮತ್ತೆ ಪರಂಪರೆಯ ಹೆಸರಿನಲ್ಲಿ ಹೊರಬರುವುದನ್ನು ತೋರಿಸಿದರು. ಈ ಎಚ್ಚರಿಕೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬರಹಕ್ಕಾದರೂ ಈ ರೋಗ ತಪ್ಪಿದೆಯೆ? ಅಸಾಂಟೆಹೆನೆ, ಅಂದರೆ ಅಸಾಂಟೆಗಳ ಅರಸ, ಒಂದನೆಯ ಪ್ರೆಂಪೆಯನ್ನು ಬ್ರಿಟಿಷರು 1896ರಲ್ಲಿ ಸೆರೆಹಿಡಿದು, ಕೊನೆಗೆ ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಕ್ಕೆ ಗಡಿಪಾರು ಮಾಡಿದರು. ಅಲ್ಲಿ 1907ರಲ್ಲಿ ಅವನು ತನ್ನ ವಂಶದ ಇತಿಹಾಸವನ್ನು ಇಂಗ್ಲಿಷಿನಲ್ಲಿ ಬರೆಯಿಸತೊಡಗಿದ. ಅದರ ಮುಖ್ಯ ಆಕರ ಜೊತೆಯಲ್ಲೇ ಗಡಿಪಾರಾಗಿದ್ದ ಅವನ ತಾಯಿ, ರಾಜಮಾತೆ ಯಾ ಅಚಿಯಾಳ ನೆನಪು. ಪೀಠ ಕಳೆದುಕೊಂಡ ಅರಸನೊಬ್ಬ ತಾನೇ ಅದರ ನಿಜವಾದ ಹಕ್ಕುದಾರ ಎಂದು ಸಾಧಿಸಲು ಬರೆಯಿಸಿದ ಕೃತಿ ಅದು, ಪಕ್ಷಪಾತ ಇದ್ದೇ ಇದೆ. ಹಾಗೆಂದು ಇಂದು ಅಸಾಂಟೆ ಇತಿಹಾಸವನ್ನು ಬರೆಯುವ ಯಾವ ವಿದ್ವಾಂಸರೂ ಅದನ್ನು ಬದಿಗಿಡುವುದಿಲ್ಲ. ಯಾರ ಹಕ್ಕಿಗಾಗಿ ಹೇಳಿದ್ದು ಎಂದು ತಿಳಿದುಕೊಂಡು ಓದುತ್ತಾರೆ, ಅಷ್ಟೆ. ನ್ಯಾಯಾಲಯಗಳೂ ಇದೇ ದಾರಿ ಹಿಡಿದವು. ಅಸಾಂಟೆ ಭೂಮಿಯ ವ್ಯಾಜ್ಯವೊಂದರಲ್ಲಿ 1957ರಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪಿನ ಪ್ರಕಾರ, ಎರಡು ಕಡೆಯವರ ಪರಂಪರೆಯ ಕಥೆಗಳು ಒಂದಕ್ಕೊಂದು ತಾಕಲಾಡಿದಾಗ ಹೇಳುವವರ ಮುಖಭಾವ ನೋಡಿ ತೀರ್ಮಾನಿಸಬಾರದು. ಇತ್ತೀಚಿನ ವರ್ಷಗಳಲ್ಲಿ ನೆಲವನ್ನು ಯಾರು ಅನುಭವಿಸಿಕೊಂಡು ಬಂದರು ಎಂಬ ಸಂಗತಿಗೆ ಯಾವ ಕಥೆ ಹೊಂದುತ್ತದೆಂದು ಒರೆಹಚ್ಚಬೇಕು.

ದಾಖಲೆಗಳ ಬೆಳಕಿನಲ್ಲೇ ನಡೆದ ಒಂದು ವಲಸೆಯನ್ನು ನೋಡಿದರೆ ಕಥನದ ಒಳಗುಟ್ಟು ತಿಳಿಯುತ್ತದೆ. 1874ರಲ್ಲಿ ಬ್ರಿಟಿಷ್ ಸೈನ್ಯ ಅಸಾಂಟೆ ರಾಜಧಾನಿ ಕುಮಾಸಿಯನ್ನು ಸುಟ್ಟ ಮೇಲೆ ಅಸಾಂಟೆ ಒಕ್ಕೂಟ ಸಡಿಲಾಯಿತು, ಅದರೊಳಗಿನ ಜುವಾಬೆನ್ ನಾಡು ಬೇರೆಯಾಗಹೊರಟಿತು. ಮರುವರ್ಷ ಕುಮಾಸಿಯ ಪಡೆ ಅದನ್ನು ಸೋಲಿಸಿದಾಗ ಸಾವಿರಾರು ಮಂದಿ ದಕ್ಷಿಣಕ್ಕೆ, ಬ್ರಿಟಿಷ್ ರಕ್ಷಣೆಯ ಸೀಮೆಗೆ ಓಡಿಬಂದು ಅಚೆಮ್ ಅಬುವಾಕ್ವಾದ ನೆಲದಲ್ಲಿ ನೆಲೆಸಿದರು. ಕೊಫೊರಿಡುವಾ ರಾಜಧಾನಿಯಾಗಿರುವ ಇಂದಿನ ನ್ಯೂ ಜುವಾಬೆನ್ ಹುಟ್ಟಿದ್ದು ಹೀಗೆ. ಅಲ್ಲಿನ ಪೀಠ ಇಂದಿಗೂ ಹಳೆಯ ಜುವಾಬೆನ್ನಿನಂತೆಯೇ ಒಯೊಕೊ ಕುಲದ್ದು. ಹೊರಟ ಊರು, ಕಾರಣವಾದ ಜಗಳ, ಅರಸು ಮನೆಯ ಕುಲ ಇಷ್ಟನ್ನೂ ಅಲ್ಲಿನವರ ಕಥನ ಸರಿಯಾಗಿ ಹಿಡಿದಿಟ್ಟಿದೆ. ಆದರೆ ಓಡಿಬಂದವರೆಲ್ಲ ಒಯೊಕೊಗಳಲ್ಲ, ಆಗಲೂ ಸಾಧ್ಯವಿರಲಿಲ್ಲ. ಒಂದೇ ಅಬುಸುವಾದೊಳಗೆ ಮದುವೆಯೇ ಕೂಡದೆಂದ ಮೇಲೆ ಪ್ರತಿ ಮನೆಯಲ್ಲೂ ಎರಡಾದರೂ ಕುಲಗಳಿರಬೇಕಷ್ಟೆ. ‘ಒಯೊಕೊಗಳು ಬಂದರು’ ಎಂದು ಕಥೆ ಹೇಳಿದಾಗ ಅದು ಪೀಠದ ಮಾತೇ ಹೊರತು ಇಡೀ ಜನದ ಮಾತಲ್ಲ. ಇದೇ ಅಳತೆಯನ್ನು ಹಳೆಯ ಕಥೆಗಳಿಗೆ ಹಿಡಿದರೆ ಅವು ಸುಳ್ಳಾಗುವುದಿಲ್ಲ, ಅವುಗಳ ವ್ಯಾಪ್ತಿ ಕಿರಿದಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ಮೂಲ ಕೆದಕಬಾರದೆಂಬ ಕಟ್ಟಳೆಯನ್ನು ಉದಾರವೆಂದು ಹೊಗಳುವುದು ಸುಲಭ. ಆದರೆ ಬಾಯಿ ಮುಚ್ಚಿಸಿಕೊಂಡವರು ಯಾರು? ಕೊಂಡುತಂದ ಹೆಂಗಸಿಗೆ ತನ್ನದೇ ಅಬುಸುವಾ ಇತ್ತು, ಇಲ್ಲವೇ ತನ್ನವರೆನ್ನುವ ಬಳಗವಾದರೂ ಇತ್ತು. ಅದನ್ನು ಅಳಿಸಿದ ಮೇಲೆಯೇ ಅವಳ ಮಕ್ಕಳು ಯಜಮಾನನ ಅಬುಸುವಾಕ್ಕೆ ಸೇರಿದರು. ಗೋಲ್ಡ್ ಕೋಸ್ಟ್ ವಸಾಹತಿನಲ್ಲಿ 1874ರ ಕಾನೂನು ಗುಲಾಮಗಿರಿಯನ್ನು ತೆಗೆದುಹಾಕಿತು, ಆದರೆ ಮನೆತನದ ಒಳಗಿನ ತಿಳಿವನ್ನು ಯಾವ ಕಾನೂನೂ ತೆಗೆದುಹಾಕಲಾರದು. ಎಲ್ಲರ ಎದುರು ಆಡದ ಮಾತು, ಪೀಠಕ್ಕೋ ಯಜಮಾನಿಕೆಗೋ ಪೈಪೋಟಿ ಬಿದ್ದಾಗ ಒಳಕೋಣೆಯಲ್ಲಿ ಎದ್ದು ಬರುತ್ತದೆ: ಅವರ ಅಜ್ಜಿ ನಮ್ಮ ನೆತ್ತರಲ್ಲ ಎಂದು. ಈ ಆಕ್ಷೇಪವನ್ನು ಪೂರ್ತಿ ಒಪ್ಪಲೇಬೇಕು. ಕಟ್ಟಳೆ ದುರ್ಬಲರಿಗೆ ಅಪಮಾನದಿಂದ ರಕ್ಷಣೆ ಕೊಟ್ಟಿತು, ಅದರ ಬೆಲೆಯಾಗಿ ಅವರ ತಾಯಂದಿರ ಹೆಸರನ್ನೇ ಪಡೆಯಿತು. ಇದನ್ನು ಮುರಿಯಬೇಕೇ ಬೇಡವೇ ಎಂಬ ತೀರ್ಮಾನ ಆ ಮನೆಗಳವರದು. ಧ್ವನಿಮುದ್ರಣ ಯಂತ್ರ ಹಿಡಿದು ಬಂದ ಸಂಶೋಧಕನಿಗೆ, ಅವನ ಉದ್ದೇಶ ಎಷ್ಟೇ ಒಳ್ಳೆಯದಾಗಿರಲಿ, ಅದನ್ನು ಮುರಿಯುವ ಹಕ್ಕಿಲ್ಲ.

ಈಗ ಹೊಸ ಹುಡುಕಾಟಗಾರರು ಬಂದಿದ್ದಾರೆ. 1619ರಲ್ಲಿ ಆಫ್ರಿಕನ್ನರನ್ನು ವರ್ಜೀನಿಯಾಕ್ಕೆ ಒಯ್ದು 400 ವರ್ಷವಾದ ನೆನಪಿಗೆ ಘಾನಾ ಸರ್ಕಾರ 2019ನ್ನು ಮರಳಿ ಬರುವ ವರ್ಷವೆಂದು ಸಾರಿತು. ಅಟ್ಲಾಂಟಿಕ್ ದಾಟಿಸಲ್ಪಟ್ಟವರ ವಂಶಜರು ಡಿಎನ್‌ಎ ಪರೀಕ್ಷೆಯ ಫಲಿತಾಂಶ ಹಿಡಿದು ಬಂದರು. ತಾಯಿಯಿಂದ ಮಾತ್ರ ಇಳಿದುಬರುವ ಮೈಟೊಕಾಂಡ್ರಿಯ ಡಿಎನ್‌ಎ ಅಬುಸುವಾಕ್ಕೆ ಹೇಳಿ ಮಾಡಿಸಿದ ಸಾಕ್ಷಿಯಂತೆ ಕಾಣುತ್ತದೆ. ಆದರೆ ಹೊರಗಿನ ಹೆಂಗಸರ ಮಕ್ಕಳನ್ನು ಶತಮಾನಗಳ ಕಾಲ ಒಳಗೆ ಸೇರಿಸಿಕೊಂಡ ಕುಲದಲ್ಲಿ ಹಲವು ತಾಯಿಸಾಲುಗಳು ಇರಲೇಬೇಕು. ಪ್ರಯೋಗಾಲಯದ ಕಾಗದ ಯಾರನ್ನೂ ಅಸೊನಾ ಎಂದೋ ಬ್ರೆತುವೊ ಎಂದೋ ಹೇಳಲಾರದು. ಅಡ್ಡಹೆಸರೂ ದಾರಿ ತೋರಿಸದು, ಏಕೆಂದರೆ ಹೆಸರಿಡುವವನು ತಂದೆ. ಆಸ್ತಿಯ ಜಾಡು ಕೂಡ ಈಗ ಬದಲಾಗಿದೆ: 1985ರ ವಾರಸಾ ಕಾನೂನು, ಉಯಿಲು ಬರೆಯದೆ ಸತ್ತವನ ಸ್ವಂತ ಗಳಿಕೆಯ ಬಹುಪಾಲನ್ನು ಹೆಂಡತಿ ಮಕ್ಕಳಿಗೆ ಕೊಟ್ಟಿತು, ವಂಶದ ಆಸ್ತಿ ಮತ್ತು ಪೀಠದ ಆಸ್ತಿಯನ್ನು ಮಾತ್ರ ಹಾಗೆಯೇ ಬಿಟ್ಟಿತು. ಬದಲಾಗದೆ ಉಳಿದದ್ದು ಸಾವಿನ ಮನೆ. ಅಕಾನರಲ್ಲಿ ಹೆಣ ಅಬುಸುವಾಕ್ಕೆ ಸೇರಿದ್ದು, ಗಂಡನಿಗೂ ಅಲ್ಲ, ಮಕ್ಕಳಿಗೂ ಅಲ್ಲ. ಎಲ್ಲಿ ಹೂಳಬೇಕು, ಯಾವಾಗ ಎಂದು ನಿರ್ಧರಿಸುವವನು ಅಬುಸುವಪನಿನ್. ಊರಿನ ಗೋಡೆಗಳಿಗೆ ಅಂಟಿಸುವ ಶವಸಂಸ್ಕಾರದ ದೊಡ್ಡ ಪೋಸ್ಟರುಗಳಲ್ಲಿ ಸತ್ತವರ ಫೋಟೋದ ಕೆಳಗೆ ಕುಲದ ಯಜಮಾನ, ಶೋಕದ ಮುಖ್ಯಸ್ಥ, ಸೋದರಮಾವಂದಿರು, ಒಡಹುಟ್ಟಿದವರು, ಮಕ್ಕಳು, ಸೋದರಳಿಯಂದಿರು ಎಂದು ಸಾಲುಸಾಲಾಗಿ ಹೆಸರುಗಳಿರುತ್ತವೆ. ಆದ್ದರಿಂದ ವಂಶ ಹುಡುಕಲು ಬಂದವರು ತಾಯಿಯ ತಾಯಿ ಯಾವ ಊರಿನವಳು, ಅವಳು ತೀರಿಕೊಂಡಾಗ ಯಾವ ಮನೆಯವರು ಹೆಣ ಕೇಳಿಕೊಂಡು ಬಂದರು, ಆ ಮನೆಯ ಯಜಮಾನಿಕೆ ಈಗ ಯಾರ ಕೈಯಲ್ಲಿದೆ ಎಂದು ವಿಚಾರಿಸಬೇಕು. ಆ ಮನೆಯವರು ಕೂರಿಸಿ, ನೀರು ಕೊಟ್ಟು, ಬಂದ ಉದ್ದೇಶ ಕೇಳುತ್ತಾರೆ. ಎಷ್ಟು ಹೇಳಬೇಕೆಂಬುದನ್ನು ಅವರೇ ನಿರ್ಧರಿಸುತ್ತಾರೆ.