ಝಳಕಿಗೆ ಕಡಲು ಬರುವ ತಿಂಗಳು

ಝಳಕಿ ಕ್ರಾಸಿನಲ್ಲಿ ನಿಂತು ‘ಇಲ್ಲಿಂದ ಸಮುದ್ರ ಎಷ್ಟು ದೂರ?’ ಎಂದು ಕೇಳಿದರೆ ಚಹಾದಂಗಡಿಯವರು ನಕ್ಕುಬಿಟ್ಟಾರು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿ, ಇಂಡಿಗೆ ತಿರುಗುವ ರಸ್ತೆ, ಸುತ್ತ ಕಣ್ಣು ಹಾಯುವಷ್ಟೂ ಎರೆಹೊಲ. ಪಡುವಣ ಕಡಲು 250 ಕಿಲೋಮೀಟರಿಗೂ ಆಚೆ. ಮೂಡಣಕ್ಕೆ ಹೊರಟರೆ ಕಾಕಿನಾಡದ ದಂಡೆ ಮುಟ್ಟಲು ಹತ್ತಿರ ಹತ್ತಿರ 700 ಕಿಲೋಮೀಟರ್. ಆದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ಒಂದು ತಿಂಗಳು ಈ ಊರಿನ ಆಕಾಶದಲ್ಲಿ ನಡೆಯುವುದೆಲ್ಲ ಕಡಲಿನ ವ್ಯವಹಾರವೇ! ಆ ಒಂದು ತಿಂಗಳು ಕೈಕೊಟ್ಟರೆ ಮುಂದಿನ ವರ್ಷದ ರೊಟ್ಟಿಯೇ ಇಲ್ಲ.

ಜೂನ್, ಜುಲೈ ಇಲ್ಲಿ ಮಳೆಗಿಂತ ಗಾಳಿಯ ತಿಂಗಳುಗಳು. ನಾಡೆಲ್ಲ ಮಳೆಗಾಲ ಎನ್ನುತ್ತಿರುತ್ತದೆ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಝಳಕಿಯ ಮೇಲೆ ಮೋಡಗಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಪೂರ್ವಕ್ಕೆ ಓಡುತ್ತವೆ, ನಿಲ್ಲುವುದಿಲ್ಲ. ಪಡುವಣ ಗಾಳಿ ತನ್ನ ನೀರನ್ನೆಲ್ಲ ಸಹ್ಯಾದ್ರಿಯ ಆಚೆ ಮಗ್ಗುಲಿಗೆ ಸುರಿದು, ಒಣಗಿ ಇಳಿದು ಬಂದಿರುತ್ತದೆ. ವಿಜಯಪುರ ಜಿಲ್ಲೆಗೆ ಇಡೀ ವರ್ಷಕ್ಕೆ ಸಿಗುವುದು 600 ಮಿಲಿಮೀಟರ್ ಆಸುಪಾಸು. ಆದರೆ ಅದರ ಕಾಲು ಭಾಗದಷ್ಟು ಸೆಪ್ಟೆಂಬರ್ ಒಂದರಲ್ಲೇ ಬೀಳುತ್ತದೆ! ಕರಾವಳಿಯವರು ಕೊಡೆ ಮಡಚುವ ಹೊತ್ತಿಗೆ ಇಲ್ಲಿಯವರ ಮಳೆಗಾಲಕ್ಕೆ ನಿಜವಾದ ಭರ.

ಏಕೆಂದರೆ ಆ ಹೊತ್ತಿಗೆ ಗಾಳಿಯ ಹಿಡಿತ ಸಡಿಲಾಗುತ್ತದೆ. ಪಡುವಣದ ಬೀಸು ಸೋತು, ಮಧ್ಯಾಹ್ನದ ಬಿಸಿಲಿಗೆ ನೆಲದ ಹಬೆ ನೇರ ಮೇಲೇರಿ, ಸಂಜೆಗೆ ಮೂಡಣದಲ್ಲಿ ಮೋಡ ಗೋಪುರ ಕಟ್ಟುತ್ತದೆ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಆಂಧ್ರ, ತೆಲಂಗಾಣ ಹಾದು ಇತ್ತ ಬರುತ್ತವೆ. ಉತ್ತರಿ, ಹಸ್ತ, ಚಿತ್ತಿ: ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ, ಆ ಲೆಕ್ಕದಲ್ಲೇ ಇಲ್ಲಿ ಮಳೆಗೆ ಹೆಸರು. ಹವಾಮಾನ ಇಲಾಖೆಯ ಮುನ್ಸೂಚನೆ ಮೊಬೈಲಿನಲ್ಲೇ ಇದ್ದರೂ ಕಟ್ಟೆಯ ಮೇಲಿನ ಮಾತು ಮಾತ್ರ ‘ಹಸ್ತ ಹೆಂಗ ಹಿಡೀತು?’ ಎಂದೇ.

ಇನ್ನು ಬೆರಗು ಆಕಾಶದಿಂದ ನೆಲಕ್ಕಿಳಿಯುತ್ತದೆ. ಈ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಮೇಲೆ ಹರಿದ ಲಾವಾ ಕಲ್ಲಾಗಿ, ಸವೆದು ಆದದ್ದು. ಬೇಸಿಗೆಯಲ್ಲಿ ಇದು ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯ ನೀರು ಆ ಬಿರುಕುಗಳಲ್ಲಿ ಇಳಿದು ಎಲ್ಲಿ ಹೋಯಿತೋ ಗೊತ್ತೇ ಆಗುವುದಿಲ್ಲ! ನೀರು ಕುಡಿದ ಜೇಡಿಯ ಕಣಗಳು ಉಬ್ಬುತ್ತವೆ, ಬಿರುಕು ಮುಚ್ಚಿಕೊಳ್ಳುತ್ತದೆ, ಒಳಗೆ ಹೋದ ನೀರು ಅಲ್ಲೇ ಸೆರೆ. ಒಂದು ಮೀಟರ್ ಆಳದ ಒಳ್ಳೆ ಎರೆಮಣ್ಣು 150 ಮಿಲಿಮೀಟರಿಗೂ ಹೆಚ್ಚು ನೀರನ್ನು ಬೇರಿಗೆ ಸಿಗುವಂತೆ ಹಿಡಿದಿಟ್ಟುಕೊಳ್ಳಬಲ್ಲದು. ಅಂದರೆ ಒಂದು ಸೆಪ್ಟೆಂಬರಿನ ಮಳೆಯಷ್ಟು! ಝಳಕಿಯವರ ಕಾಲಡಿಯಲ್ಲೇ ಒಂದು ಕೆರೆ, ಏರಿಯಿಲ್ಲದ್ದು, ಕಣ್ಣಿಗೆ ಕಾಣದ್ದು.

ಆ ಕೆರೆ ತುಂಬಿಸಲೆಂದೇ ಬಿತ್ತುವ ಮುಂಚೆ ಹೊಲದಲ್ಲಿ ಚೌಕುಮಡಿ ಕಟ್ಟುತ್ತಾರೆ. ಗೇಣೆತ್ತರದ ಬದುಗಳ ಚೌಕಗಳು, ಬಿದ್ದ ಹನಿ ಬಿದ್ದಲ್ಲೇ ಇಂಗಲಿ ಎಂದು. ಒಣಬೇಸಾಯದ ಇಂಥ ವಿದ್ಯೆಯನ್ನು ಹೊಲದಲ್ಲೇ ಪರೀಕ್ಷಿಸಲು 1930ರ ದಶಕದಲ್ಲಿ ದೇಶದಲ್ಲಿ ಐದು ಕೇಂದ್ರಗಳು ಆರಂಭವಾದವು. ರೋಹತಕ್, ಸೊಲ್ಲಾಪುರ, ರಾಯಚೂರು, ಹಗರಿ, ಐದನೆಯದು ನಮ್ಮ ಬಿಜಾಪುರ, ಅಂದರೆ ಇಂದಿನ ವಿಜಯಪುರ. ಝಳಕಿ ಇರುವುದು ಆ ಐದರಲ್ಲಿ ಎರಡರ ನಡುವಿನ ದಾರಿಯಲ್ಲಿ.

ಮಳೆ ನಿಂತ ಮೇಲೆ ಬಿತ್ತಿಗೆಗೆ ಎರಡೋ ಮೂರೋ ದಿನದ ಕಿಂಡಿ. ಆ ದಿನಗಳ ನೋಟವನ್ನು ಹತ್ತಿರದಿಂದ ನೋಡಬೇಕು. ರೈತ ಬದುವಿನಿಂದ ಕೆಳಗಿಳಿದು ಒಂದು ಹಿಡಿ ಮಣ್ಣೆತ್ತಿ ಅಮುಕುತ್ತಾನೆ. ಬೆರಳಿಗೆ ಅಂಟಿದರೆ ಇನ್ನೂ ಹಸಿ. ಉಂಡೆಯಾಗಿ, ಹೆಬ್ಬೆರಳು ತಾಕಿಸಿದೊಡನೆ ಪುಡಿಯಾದರೆ ಹದ.

‘ಯಾಕ ಕಾಕಾ, ಕೂರಿಗಿ ಹೂಡೂದಿಲ್ಲೇನು?’

‘ಇಲ್ಲೋ ತಮ್ಮಾ, ತಾಳಿನಾಗ ಮಣ್ಣು ಹಿಡೀತೈತಿ. ನಾಳಿ ಬಿಸಲ ಬೀಳಲಿ.’

ಆ ‘ನಾಳಿ’ ಬಂದೊಡನೆ ಊರಿನಲ್ಲಿ ಆಳು ಸಿಗುವುದಿಲ್ಲ, ಟ್ರ್ಯಾಕ್ಟರ್ ಸಿಗುವುದಿಲ್ಲ, ಫೋನ್ ಎತ್ತುವವರೂ ಇಲ್ಲ. ಬೀಜ ಹಸಿಗೆ ತಾಕಬೇಕು, ಎರಡು-ಮೂರು ಬೆರಳಿನಷ್ಟು ಆಳ. ಹಿಂದಿನಿಂದ ಕುಂಟೆ ಹೊಡೆದು ಮುಚ್ಚಬೇಕು. ಆಮೇಲೆ ಬಿಳಿಜೋಳಕ್ಕೆ ಹೆಚ್ಚೆಂದರೆ ಒಂದೆರಡು ಮಳೆ, ಎಷ್ಟೋ ವರ್ಷ ಅದೂ ಇಲ್ಲ! ನಾಲ್ಕು ತಿಂಗಳು ಆ ಬೆಳೆ ಕೆಳಗಿನ ತೇವವನ್ನು ಬೇರಿನಿಂದ ಹುಡುಕುತ್ತ ಇಳಿಯುತ್ತದೆ. ನೆಲ ಮತ್ತೆ ಬಿರಿದು ಬೇರು ಹರಿಯದಿರಲೆಂದು ಎಡೆ ಹೊಡೆದು ಮೇಲಿನ ಮಣ್ಣನ್ನು ಪುಡಿ ಮಾಡುತ್ತಾರೆ. ಜನವರಿಯಲ್ಲಿ ಎಳೆ ತೆನೆ ಸುಟ್ಟು ತಿನ್ನುವ ಸೀತನಿಯ ಸಿಹಿ ಹಸ್ತದ ನೀರೇ.

ಕಡಲು ಕೈ ತಪ್ಪಿ ಸುರಿದುಬಿಡುವುದೂ ಉಂಟು. 2020ರ ಅಕ್ಟೋಬರ್ 13ರ ಬೆಳಿಗ್ಗೆ ಕಾಕಿನಾಡದ ಬಳಿ ದಂಡೆಗೆ ಬಂದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸಿ, ಈ ಬಯಲಿನ ಮೇಲೆ ಸಾಗಿ, ಮಹಾರಾಷ್ಟ್ರ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ, ನಮ್ಮ ತಲೆಯ ಮೇಲಿಂದಲೇ! ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರೂ ಸೇರಿ ಭೀಮೆ ಇಂಡಿ, ಸಿಂದಗಿ ಸೀಮೆಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಬರದ ನಾಡು ಎಂದೇ ಹೆಸರಾದ ಕಡೆ ದೋಣಿಯಲ್ಲಿ ಜನರನ್ನು ಸಾಗಿಸಬೇಕಾಯಿತು.

ಇಂಡಿಯ ನಿಂಬೆಗೂ ಈ ತಿಂಗಳಿನ ನಂಟಿದೆ. ಭೌಗೋಳಿಕ ಸೂಚ್ಯಂಕದ ಗುರುತು ಪಡೆದ ಆ ನಿಂಬೆ ವರ್ಷಕ್ಕೆ ಮೂರು ಬಾರಿ ಹೂ ಬಿಡುತ್ತದೆ. ಈಗ ಬಿಡುವ ಹೂವಿಗೆ ಬೆಳೆಗಾರರು ಕರೆಯುವುದು ಹಸ್ತ ಬಹಾರ್ ಎಂದು. ಇದರ ಕಾಯಿ ಕೈಗೆ ಬರುವುದು ಬೇಸಿಗೆಯಲ್ಲಿ, ದರ ಏರಿ ಕುಳಿತಾಗ. ಆದರೆ ಹೂ ಬಿಡಿಸಲು ಮೊದಲು ಗಿಡಕ್ಕೆ ನೀರು ನಿಲ್ಲಿಸಿ ಬಾಡಿಸಬೇಕು. ಮಳೆಗಾಲದಲ್ಲಿ ಬಾಡಿಸುವುದು ಹೇಗೆ? ಅದೇ ತಲೆನೋವು, ಅದಕ್ಕೇ ಆ ದರ.

ಮತ್ತೆ ಆ ಏರೋಪ್ಲೇನ್ ಚಿಟ್ಟೆಗಳು, ಅಂದರೆ ಡ್ರ್ಯಾಗನ್‌ಫ್ಲೈಗಳು! ಮಳೆ ಬಿಟ್ಟ ಸಂಜೆ ಹೊಲದ ಮೇಲೆ ಹಿಂಡುಹಿಂಡಾಗಿ ತೇಲುವ ಕಂದು-ಹಳದಿ ಚಿಟ್ಟೆಗಳನ್ನು ನಾವು ಎಂದೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ. ಮಳೆಯ ನೀರು ನಿಂತ ಕುಣಿಗಳಲ್ಲಿ ಹುಟ್ಟುವ ಜಾತಿ ಇದು. ಸಿಹಿನೀರಿನ ಹೊಂಡಗಳೇ ವಿರಳವಾದ ಮಾಲ್ಡೀವ್ಸ್ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲಿ ಇವು ಲಕ್ಷಗಟ್ಟಲೆ ಬಂದಿಳಿಯುವುದನ್ನು ಕಂಡ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಒಂದು ವಾದ ಮುಂದಿಟ್ಟರು. ಭಾರತದಿಂದ ಹೊರಟ ಚಿಟ್ಟೆಗಳು ಈಶಾನ್ಯದ ಗಾಳಿ ಹಿಡಿದು, ಸಾಗರ ದಾಟಿ ಪೂರ್ವ ಆಫ್ರಿಕಾ ಸೇರುತ್ತವೆ, ಅವುಗಳ ಮರಿಮಕ್ಕಳು ಮರುವರ್ಷ ಪಡುವಣ ಗಾಳಿಯಲ್ಲಿ ತಿರುಗಿ ಬರುತ್ತವೆ. ನಾಲ್ಕು ತಲೆಮಾರಿನ ಒಂದು ಸುತ್ತು! ಝಳಕಿಯ ಕುಣಿಯಲ್ಲಿ ಹುಟ್ಟಿದ್ದು ಸೊಮಾಲಿಯಾ ಮುಟ್ಟಿತೇ ಎಂದು ಹೇಳುವವರಿಲ್ಲ. ಆದರೆ ಚಿಟ್ಟೆ ಏರುವ ಗಾಳಿ ಈ ಹೊಲಗಳ ಮೇಲೂ ಅದೇ ವಾರಗಳಲ್ಲಿ ದಿಕ್ಕು ಬದಲಿಸುತ್ತದೆ.

ಅಷ್ಟರಲ್ಲಿ ಸೀಗಿ ಹುಣ್ಣಿಮೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರ ಪೂಜೆ, ಹೊಲದ ಸುತ್ತ ನೈವೇದ್ಯದ ಚರಗ ಚೆಲ್ಲುವುದು, ಆಮೇಲೆ ಬುತ್ತಿ ಬಿಚ್ಚಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮೊಳಕೆಯ ಸಾಲು ಹಸಿರಾಗಿ ಎದ್ದಿರುತ್ತದೆ, ತೊಗರಿ ಹೂ ಕಟ್ಟುತ್ತಿರುತ್ತದೆ. ಊಟದ ನಡುವೆ ಯಾರೋ ಒಬ್ಬರು ಆಕಾಶ ನೋಡಿ ಅಂದೇ ಅನ್ನುತ್ತಾರೆ:

‘ಸ್ವಾತಿ ಒಂದ್ ಹದ ಆತಂದ್ರ ಜೋಳಕ್ಕ ಚಿಂತಿಲ್ಲ ನೋಡ್ರಿ.’

‘ಮಾವಾ, ದ್ರಾಕ್ಷಿಯವರ ಮುಂದ ಈ ಮಾತ ಆಡಬ್ಯಾಡ್ರಿ. ಬಳ್ಳಿ ಕತ್ತರಿಸಿ ಚಾಟ್ನಿ ಮಾಡಿ ಕುಂತಾರ. ಮಳಿ ಬಂತಂದ್ರ ದಾವಣಿ ರೋಗ ಅಂತ, ಬಡಿಗಿ ತೊಗೊಂಡು ನಿಮ್ಮ ಮನೀಗೇ ಬರ್ತಾರ!’